ಮೊಣಕೈತನಕ ಹಸಿರು ಬಳೆ

ನಾಗರ ಪಂಚಮಿ ಮುಗಿದಿತ್ತು. ಸೂಡಿ ಊರಿನ ಓಣಿಗಳಲ್ಲಿ ಜೋಕಾಲಿಗೆ ಕಟ್ಟಿದ್ದ ಹಗ್ಗಗಳನ್ನು ಬಿಚ್ಚಿ ಮತ್ತೆ ದನ ಕಟ್ಟಲು ಒಯ್ದಿದ್ದರು. ಡಬ್ಬಿಯ ತಳದಲ್ಲಿ ಶೇಂಗಾ ಉಂಡಿಯ ಪುಡಿ ಮಾತ್ರ ಉಳಿದಿತ್ತು. ಹಬ್ಬಕ್ಕೆ ತವರಿಗೆ ಬಂದಿದ್ದ ಹೆಣ್ಣುಮಕ್ಕಳಲ್ಲಿ ಕೆಲವರು ಬಸ್ಸು ಹತ್ತಿದ್ದರು, ಕೆಲವರು ಗಂಡನ ಗಾಡಿಯ ಹಿಂದೆ ಕುಳಿತು ಹೋಗಿದ್ದರು. ಉಡಚವ್ವನ ಮಗಳು ಅನ್ನಪೂರ್ಣಾ ಮಾತ್ರ ಇನ್ನೂ ಹೋಗಿರಲಿಲ್ಲ.

ಮಗಳು ಹಬ್ಬಕ್ಕೆ ಬಂದರೆ ಊರಿಗೆಲ್ಲ ಸಂತೋಷ. ಹಬ್ಬ ಮುಗಿದ ಮೇಲೂ ಉಳಿದರೆ ನಳದ ಹತ್ತಿರ ಅದೇ ಮಾತು.

"ಉಡಚವ್ವಾ, ಮಗಳ್ನ ಇನ್ನಾ ಕಳಿಸಿಲ್ಲೇನ ಬೇ? ಉಂಡಿ ಖಾಲಿ ಆಗಿಲ್ಲೇನು ನಿಮ್ಮ ಮನ್ಯಾಗ?" ಎಂದು ಓಣಿಯ ಮರಿಯವ್ವ ಕೇಳಿದಳು.

"ಆಕಿಗೆ ಮೈಯಾಗ ಆರಾಮಿಲ್ಲ. ಜ್ವರ."

"ಜ್ವರಾನೋ, ಏನರ ಸಿಹಿ ಸುದ್ದಿನೋ? ನಮಗೂ ಒಂದೀಟ ಹೇಳು!"

ಕೊಡ ಹಿಡಿದು ನಿಂತವರೆಲ್ಲ ನಕ್ಕರು. ಉಡಚವ್ವನೂ ಅವರ ಜೊತೆ ನಕ್ಕಳು. ನಕ್ಕು ತಿರುಗಿದಾಗ ಅವಳ ಮುಖ ಸಣ್ಣದಾಗಿತ್ತು. ಜ್ವರವೂ ಇರಲಿಲ್ಲ, ಸಿಹಿ ಸುದ್ದಿಯೂ ಇರಲಿಲ್ಲ. ಗಂಡನ ಮನೆಯ ಹೆಸರೆತ್ತಿದರೆ ಮಗಳು ಎದ್ದು ಹಿತ್ತಿಲಿಗೆ ಹೋಗುತ್ತಿದ್ದಳು. ಯಾಕೆ ಎಂದರೆ ಬಾಯಿ ಬಿಡುತ್ತಿರಲಿಲ್ಲ.

ಅಳಿಯ ಪರಶು ರೋಣದವನು. ಗೋಡೆಗೆ ಗಿಲಾವು ಮಾಡುವ ಕೆಲಸ. ಮಳೆಗಾಲ ಮುಗಿದರೆ ಗೋವಾಕ್ಕೆ ಹೋಗಿ, ಕಟ್ಟಡಗಳ ಕೆಲಸ ಮಾಡಿ, ಬೇಸಿಗೆ ಕೊನೆಗೆ ಊರಿಗೆ ಬರುತ್ತಿದ್ದ. ಕುಡಿಯುವುದಿಲ್ಲ. ಇಸ್ಪೀಟು ಮುಟ್ಟುವುದಿಲ್ಲ. ಗುಟಕಾ ಕೂಡ ಇಲ್ಲ. ಇಟಗಿ ಭೀಮವ್ವನ ಗುಡಿಗೆ ಬರಿಗಾಲಲ್ಲಿ ನಡೆದು ಹೋಗುವ ಹುಡುಗ. ಅಂಥ ಅಳಿಯ ಸಿಕ್ಕಿದ್ದಕ್ಕೆ ಉಡಚವ್ವನ ಗಂಡ ಹನಮಪ್ಪ ಕೂಲಿಗೆ ಹೋದಲ್ಲೆಲ್ಲ ಹೇಳಿಕೊಂಡು ತಿರುಗಿದ್ದ.

ಆ ಅಳಿಯ ಫೋನು ಮಾಡಿದ್ದ. ಸೋಮವಾರ ತಾಯಿಯನ್ನು ಕರೆದುಕೊಂಡು ಬರುತ್ತೇನೆ, ಮಗಳನ್ನು ಕಳಿಸಿಕೊಡಿ ಎಂದಿದ್ದ.

ಉಡಚವ್ವ ಒಲೆಯ ಮುಂದೆ ಮಗಳನ್ನು ಕೂರಿಸಿಕೊಂಡು ಕೇಳಿದಳು.

"ಕುಡೀತಾನೇನ?"

"ಇಲ್ಲವ್ವ."

"ಅತ್ತಿ ಕಾಡಸತಾಳೇನ?"

"ಇಲ್ಲ."

"ಉಣ್ಣಾಕ ಉಡಾಕ ಕಡಿಮಿ ಮಾಡ್ಯಾನೇನ?"

"ಇಲ್ಲ."

"ಹಂಗಾದ್ರ ನಿಂದ ಏನ್ ದೌಲತ್ತು ಇದು? ಮಂದಿ ಮುಂದ ನಾ ಹ್ಯಾಂಗ ತಲಿ ಎತ್ತಲಿ? ಗಂಡನ ಮನಿ ಅಂದ್ರ ಒಂದೀಟ ಹೊಂದಿಕೊಂಡು ಹೋಗಬೇಕವ್ವಾ."

ಅನ್ನಪೂರ್ಣಾ ರವಿಕೆಯ ತೋಳನ್ನು ಕೆಳಕ್ಕೆ ಎಳೆದುಕೊಂಡಳು. ಬಿಸಿಲಿನಲ್ಲೂ ಅವಳು ಉದ್ದ ತೋಳಿನದನ್ನೇ ಹಾಕುತ್ತಿದ್ದಳು. ತಾಯಿ ಅದನ್ನು ನೋಡಿದ್ದಳು. ಈಗಿನ ಹುಡುಗಿಯರ ಫ್ಯಾಶನ್ ಇರಬೇಕು ಎಂದುಕೊಂಡಿದ್ದಳು.

ತವರಿನಿಂದ ಹೊರಟ ಮಗಳಿಗೆ ಹೊಸ ಬಳೆ ಇಡಿಸಿ, ಉಡಿ ತುಂಬಿ ಕಳಿಸುವುದು ನಮ್ಮ ಕಡೆಯ ಪದ್ಧತಿ. ಬರಿಗೈಯಲ್ಲಿ ಕಳಿಸಿದರೆ ಬೀಗರು ಆಡಿಕೊಳ್ಳುತ್ತಾರೆ. ಮಗಳು ಒಪ್ಪಲಿ ಬಿಡಲಿ, ಉಡಚವ್ವ ಬಳೆಗಾರ್ತಿ ಮುನೀರಾಳಿಗೆ ಹೇಳಿ ಕಳಿಸಿದಳು.

ಮುನೀರಾ ಗಜೇಂದ್ರಗಡದವಳು. ಬಳೆಯ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿನಲ್ಲಿ ಸುತ್ತಮುತ್ತಲ ಹಳ್ಳಿಗೆ ಬರುತ್ತಾಳೆ. ಅನ್ನಪೂರ್ಣಾಳ ಮದುವೆಗೆ ಬಳೆ ಇಟ್ಟವಳೂ ಅವಳೇ.

"ಬಾರವ್ವ ಮದಲಗಿತ್ತಿ," ಎಂದು ಅವಳು ಚಾಪೆಯ ಮೇಲೆ ಚೀಲ ಬಿಚ್ಚಿದಳು. "ರೋಣದ ನೀರ ಕುಡದು ಕೈ ದಪ್ಪ ಆಗ್ಯಾವೋ, ಸಣ್ಣ ಆಗ್ಯಾವೋ ನೋಡೂಣು. ಕೊಡು ಇಲ್ಲಿ. ಸಡ್ಲ ಬಿಡು."

ಬಳೆಗಾರ್ತಿ ಎಲ್ಲರಿಗೂ ಮಾಡುವಂತೆ ಒಂದು ಕೈಯಲ್ಲಿ ಮಣಿಕಟ್ಟು ಹಿಡಿದು, ಇನ್ನೊಂದು ಕೈಯಲ್ಲಿ ಹೆಬ್ಬೆರಳನ್ನು ಅಂಗೈಯೊಳಗೆ ಮಡಿಚಿದಳು. ಅಷ್ಟೇ. ಅನ್ನಪೂರ್ಣಾ ಕೂಗಿಕೊಂಡು ಕೈ ಕಿತ್ತುಕೊಂಡಳು.

"ಹಿಡೀಬ್ಯಾಡ್ರಿ! ಕೈ ಹಿಡೀಬ್ಯಾಡ್ರಿ!"

ಅವಳು ಗೋಡೆಗೆ ಒತ್ತಿಕೊಂಡು ಕುಳಿತಳು. ತೋಳು ಮೇಲೆ ಸರಿದಿತ್ತು. ಎರಡೂ ಮಣಿಕಟ್ಟಿನ ಸುತ್ತ ಕಪ್ಪುಗಟ್ಟಿದ ಗೆರೆ. ಮೊಣಕೈ ಹತ್ತಿರ ಬೆರಳು ಒತ್ತಿದ ಗುರುತು.

ಮುನೀರಾ ತಾಯಿಯ ಮುಖ ನೋಡಿದಳು. ತಾಯಿ ಎದ್ದು ಹೋಗಿ ಬಾಗಿಲು ಎಳೆದು ಮುಚ್ಚಿದಳು. ಓಣಿಯವರು ಯಾರಾದರೂ ನೋಡಿಬಿಟ್ಟಾರು ಎಂಬುದೇ ಅವಳ ತಲೆಯಲ್ಲಿ ಮೊದಲು ಬಂದದ್ದು. ಒಳಗೆ ಬಂದು ಕೆಳದನಿಯಲ್ಲಿ ಹೇಳಿದಳು:

"ಮುನೀರಾ, ಮೊಣಕೈತನಕ ಇಡು."

"ಅಷ್ಟು ಬಳಿ ಯಾಕ್ರಿ ಅಕ್ಕಾರ?"

"ಇಡು ಅಂದ್ರ ಇಡು. ಒಂದೀಟೂ ಸಂದಿ ಕಾಣಬಾರ್ದು. ಬೀಗರು ಬರತಾರ ಸೋಮವಾರ."

ಮುನೀರಾ ಹಸಿರು ಬಳೆಗಳನ್ನು ಒಂದೊಂದಾಗಿ ದಾರಕ್ಕೆ ಪೋಣಿಸಿ ಚೀಲಕ್ಕೆ ಹಾಕಿದಳು.

"ಹಬ್ಬಕ್ಕ ಇಡತೀನ್ರಿ. ಮದವಿಗೆ ಇಡತೀನಿ. ಕುಬಸಕ್ಕ ಇಡತೀನಿ. ಗಾಯ ಮುಚ್ಚಾಕ ನಾ ಬಳಿ ಇಡೂದಿಲ್ಲ. ಸಿಟ್ಟ ಮಾಡಕೋಬ್ಯಾಡ್ರಿ."

ಉಡಚವ್ವನಿಗೆ ಸಿಟ್ಟೇ ಬಂತು. ನಮ್ಮ ಮನೆಯ ಮಾತು ಇವಳಿಗೇಕೆ ಎಂದುಕೊಂಡಳು. ಮುನೀರಾ ಹೋಗುವಾಗ ಪಕ್ಕದ ಮನೆಯ ಅಂಗಳದಲ್ಲಿ ನಿಂತು ಅನಿತಾಳ ಕಿವಿಯಲ್ಲಿ ಏನೋ ಹೇಳಿ ಹೋದದ್ದನ್ನೂ ಕಿಟಕಿಯಿಂದ ನೋಡಿದಳು.

ಅನಿತಾ ಆ ಓಣಿಯ ಸೊಸೆ, ಉಡಚವ್ವನನ್ನು ಅತ್ತಿ ಎಂದೇ ಕರೆಯುವವಳು. ಆಶಾ ಕಾರ್ಯಕರ್ತೆ. ಬಸುರಿ ಬಾಣಂತಿಯರ ಮನೆಗೆ ಹೋಗುವುದು ಅವಳ ಕೆಲಸ. ಹೊಲದ ಸುಗ್ಗಿ ಬಂದಾಗ ಎಲ್ಲರಂತೆ ಕೂಲಿಗೂ ಹೋಗುತ್ತಾಳೆ. ಆಗ ಹೆಸರುಕಾಯಿ ಬಿಡಿಸುವ ಸುಗ್ಗಿ. ಮರುದಿನ ಬೆಳಿಗ್ಗೆ ತಾಯಿ ಮಗಳು ಕೂಲಿಗೆಂದು ಗುರುಸಂಗಪ್ಪನ ಹೊಲಕ್ಕೆ ಹೊರಟಾಗ ಅನಿತಾ ಏನೂ ಗೊತ್ತಿಲ್ಲದವಳಂತೆ ಬಂದು ಜೊತೆಯಾದಳು. ಹೊಲದಲ್ಲಿ ತಾಯಿ ಒಂದು ಸಾಲು ಹಿಡಿದಳು, ಮಗಳು ಒಂದು ಸಾಲು ಹಿಡಿದಳು. ಅನಿತಾ ನಡುವಿನ ಸಾಲು ಹಿಡಿದಳು.

ಹೆಸರು ಬಿಡಿಸುವವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಬೆನ್ನು ಬಾಗಿರುತ್ತದೆ, ಕಣ್ಣು ಗಿಡದ ಮೇಲಿರುತ್ತದೆ, ಕೈ ಕಾಯಿಯ ಮೇಲಿರುತ್ತದೆ. ಮನೆಯಲ್ಲಿ ಎದುರುಬದುರು ಕುಳಿತು ಆಡಲಾಗದ ಮಾತನ್ನು ನಮ್ಮ ಹೆಂಗಸರು ಎಷ್ಟೋ ಸಲ ಹೀಗೇ ಆಡಿ ಹಗುರಾಗಿದ್ದಾರೆ. ಉಳಿದ ಆಳುಗಳು ಮುಂದಕ್ಕೆ ಹೋಗುವತನಕ ಅನಿತಾ ಕಾಯ್ದಳು.

"ತಂಗೀ, ನಿನ್ನ ಕೈ ಯಾರ ಕಟ್ಟಿದ್ರು?"

ಅನ್ನಪೂರ್ಣಾಳ ಕೈ ನಿಂತಿತು. ಮತ್ತೆ ಬಿಡಿಸತೊಡಗಿತು.

"ನೀ ಹೇಳಿದ್ದು ಈ ಸಾಲು ದಾಟೂದಿಲ್ಲ. ನೀ ಹೇಳಂದ್ರ ಮಾತ್ರ ದಾಟತೈತಿ."

"ಹ್ಯಾಂಗ ಹೇಳ್ಲಿ ಅಕ್ಕಾ? ಹೇಳಾಕ ನಾಚಿಕಿ ಆಕ್ಕೈತಿ."

"ನಾನೂ ನೆಲಾ ನೋಡಾಕತ್ತೀನಿ. ನೀನೂ ನೆಲಾ ನೋಡಕೋತನ ಹೇಳು."

ಅವಳು ತಡೆದು ತಡೆದು ಹೇಳಿದಳು.

"ಅವರು ಫೋನಿನ್ಯಾಗ ಹೊಲಸ ವಿಡಿಯೋ ನೋಡತಾರಕ್ಕ. ಹಿಂದಿನ ಸಲ ಗೋವಾದಿಂದ ಬಂದಾಗಿಂದ ಶುರು ಆಗೈತಿ. ಮೊದ್ಲ ಒಬ್ರೇ ನೋಡತಿದ್ರು. ಆಮ್ಯಾಲ ನಂಗೂ ನೋಡು ಅಂದ್ರು. ಕಣ್ಣ ಮುಚ್ಚಿದ್ರ ಕಪಾಳಕ್ಕ ಹೊಡದು ತೆರೀ ಅಂತಿದ್ರು. ಅದರಾಗ ಮಾಡಿದಂಗ ಮಾಡು ಅಂತಿದ್ರು. ಒಲ್ಲೆ ಅಂದ್ರ ಬಡೀತಿದ್ರು. ಪಂಚಮಿಗೆ ಬರೂಕಿಂತ ಮೊದ್ಲ... ಕೈ ಕಟ್ಟಿಬಿಟ್ರು."

ಒಂದು ಗಿಡದ ಕಾಯಿ ಮುಗಿದು ಇನ್ನೊಂದಕ್ಕೆ ಕೈ ಹೋಯಿತು.

"ನಾ ಅಳಾಕತ್ತೆ. ಅದಕ್ಕ ಅವರು, 'ಅದರಾಗಿನ ಹೆಣ್ಣ ನೋಡು, ಹ್ಯಾಂಗ ನಗತಾಳ. ನೀ ಯಾಕ ಅಳತೀ? ನಿನ್ನಾಗ ಏನೋ ಕಡಿಮಿ ಐತಿ' ಅಂದ್ರು. ನಂಗೂ ಈಗ ಹಂಗ ಅನಸಾಕತ್ತೈತಿ. ನನ್ನಾಗ ಏನರ ಕಡಿಮಿ ಐತೇನಕ್ಕಾ?"

"ನಿನ್ನಾಗ ಏನೂ ಕಡಿಮಿ ಇಲ್ಲ," ಎಂದಳು ಅನಿತಾ. ಅವಳ ದನಿ ಗಟ್ಟಿಯಾಗಿತ್ತು. "ನೋವಾದ್ರ ಅಳೂದು ಮನಷ್ಯಾರ ಗುಣ."

ಆಚೆ ಸಾಲಿನಲ್ಲಿ ಉಡಚವ್ವ ಎಲ್ಲವನ್ನೂ ಕೇಳಿದ್ದಳು.

"ಸಾಕು ಬಾಯಿ ಮುಚ್ಚು! ಇಂಥಾವೆಲ್ಲ ಹೊಲದಾಗ ನಿಂತು ಆಡೂ ಮಾತೇನು? ಗಂಡ ಹೆಂಡ್ತಿ ಕದಾ ಹಾಕ್ಕೊಂಡ ಮ್ಯಾಲಿಂದು ಅವರಿಗೇ ಬಿಟ್ಟದ್ದು."

"ಅತ್ತೀ, ಕದಾ ಹಾಕ್ಕೊಂಡು ನಿನ್ನ ಮಗಳ ಕಾಲ ಮುರದಿದ್ರ, ಅದೂ ಕದದ ಒಳಗಿನ ಮಾತೇನು?"

"ಅದ ಬ್ಯಾರೆ. ತಾಳಿ ಕಟ್ಟಿದಾಂವಗ ಹೆಂಡ್ತಿ ಒಲ್ಲೆ ಅನ್ನಾಕ ಬರತೈತೇನ?"

"ಬರತೈತಿ. ಹಸದಾಂವಗ ರೊಟ್ಟಿ ಬಡಸೂದು ಬ್ಯಾರೆ, ಬಾಯಿ ಒತ್ತಿ ತೆರದು ಗಂಟಲಾಗ ತುರುಕೂದು ಬ್ಯಾರೆ. ಎರಡೂ ಒಂದ ರೊಟ್ಟಿ ಅಂತಿಯೇನು?"

ಉಡಚವ್ವ ಪೂರ್ತಿ ಒಪ್ಪಲಿಲ್ಲ.

"ಅಲ್ಲ, ಆ ವಿಡಿಯೋದಾಗಿನಾಕಿ ನಗತಾಳಂತಲ್ಲ ಮತ್ತ. ಅಂಥಾವರೂ ಇರತಾರೇನೋ."

"ಸಿನಿಮಾದಾಗ ಹೀರೋ ಒಬ್ಬನೇ ಜೀಪ ಎತ್ತಿ ಒಗೀತಾನ. ಅದ್ನ ನೋಡಿ ಬಂದು ನಮ್ಮ ಹನಮಪ್ಪ ಮಾವ ಚಕ್ಕಡಿ ಎತ್ತಾಕ ಹೋದ್ರ?"

"ನಡಾ ಮುರೀತೈತಿ ಅವಂದು," ಎಂದಳು ಉಡಚವ್ವ, ತನಗೇ ಗೊತ್ತಿಲ್ಲದೆ.

"ಇದೂ ಹಂಗ ಅತ್ತಿ. ದುಡ್ಡಿಗೆ ಮಾಡಿದ ಆಟ. ನಗು ಅಂದ್ರ ನಗಬೇಕು. ಅತ್ತಿದ್ದು, ನೊಂದಿದ್ದು ಎಲ್ಲಾ ಕತ್ತರಿಸಿ ಒಗೀತಾರ. ಕೆಲವೊಂದರಾಗ ಹೆಣಮಕ್ಕಳ್ನ ಹೆದರಿಸಿ, ಮೋಸ ಮಾಡಿ ಕರ್ಕೊಂಡ ಬಂದಿರತಾರ. ನೋಡಾಂವಗ ಅದು ಕಾಣೂದಿಲ್ಲ. ಅಂವ ಖರೇ ಅಂತ ತಿಳೀತಾನ. ಹೆಣ್ಣಂದ್ರ ಹಿಂಗ, ಒಲ್ಲೆ ಅಂದ್ರೂ ಒಳಗ ಹೌದ ಅಂತ ಇರತಾಳ, ಅಂತ ಕಲೀತಾನ. ಮನಿಗೆ ಬಂದು ಹೆಂಡ್ತಿ ಮ್ಯಾಲ ಆ ಪಾಠ ಒಪ್ಪಸತಾನ."

ಉಡಚವ್ವನಿಗೆ ಅಳಿಯನ ಫೋನು ನೆನಪಾಯಿತು. ಮೊದಲ ದೀಪಾವಳಿಗೆ ಅವನನ್ನು ಅಳೇತನಕ್ಕೆ ಕರೆದಾಗ ಆ ಫೋನನ್ನು ಉಡುಗೊರೆ ಕೊಟ್ಟದ್ದು ಇವರೇ. ಗಜೇಂದ್ರಗಡದ ಅಂಗಡಿಯಲ್ಲಿ ಹನಮಪ್ಪ, "ನಮ್ಮ ಅಳೇರಿಗೆ ರೀ, ಎಲ್ಲಕ್ಕಿಂತ ದೊಡ್ಡದು ಕೊಡ್ರಿ" ಎಂದು ಆರಿಸಿ ತಂದಿದ್ದ.

"ಅದನ್ನ ನಾವ ಕೊಟ್ಟೀವಲ್ಲ," ಎಂದಳು. "ಆ ಫೋನ ಒಡದು ಒಗದ್ರ ಮುಗೀತಲ್ಲ? ಎಲ್ಲಾ ಅದರದ ತಪ್ಪು."

"ಫೋನ ಕೊಟ್ಟದ್ದು ತಪ್ಪಲ್ಲ ಅತ್ತಿ. ನನ್ನ ಕೈಯಾಗೂ ಒಂದ ಐತಿ. ಅಂಥಾದ್ನ ನೋಡಿದವರೆಲ್ಲಾ ಹೆಂಡ್ತಿನ್ನ ಹೊಡೀತಾರ ಅಂತಲೂ ಅಲ್ಲ. ಫೋನ ಇಲ್ಲದ ಕಾಲದಾಗೂ ಹೊಡ್ಯಾವರು ಹೊಡೀತಿದ್ರು. ಆ ಚಟ ಬೆಂಕಿಗೆ ಎಣ್ಣಿ ಸುರವಿದಂಗ. ಆದ್ರ ಅನ್ನಪೂರ್ಣಾನ ಕೈ ಕಟ್ಟಿದ್ದು ಫೋನ ಅಲ್ಲ. ಪರಶುನ ಕೈ. ಅದ್ನ ಮರೀಬ್ಯಾಡ."

ಉಡಚವ್ವ ನೆಟ್ಟಗೆ ನಿಂತಳು. ಸೊಂಟಕ್ಕೆ ಸಿಕ್ಕಿಸಿದ್ದ ಉಡಿಯ ಗಂಟು ಬಿಚ್ಚಿ ಹೆಸರುಕಾಯಿ ಎರೆ ನೆಲದ ಮೇಲೆ ಚೆಲ್ಲಿದವು. ಅವಳು ಅವನ್ನು ನೋಡಲಿಲ್ಲ. ಸಾಲು ದಾಟಿ ಮಗಳ ಹತ್ತಿರ ಹೋಗಿ, ಅವಳ ಕೈ ಹಿಡಿಯಲು ಹೋಗಿ, ನಿನ್ನೆಯ ಕೂಗು ನೆನಪಾಗಿ ತನ್ನ ಕೈ ಹಿಂದಕ್ಕೆ ತೆಗೆದುಕೊಂಡಳು.

"ಯವ್ವಾ, ಈ ಗಾಯನ ನಾ ನಿನ್ನೆ ಬಳಿಲೆ ಮುಚ್ಚಿ ಅವನ ಗಾಡಿ ಹತ್ತಸ್ತಿದ್ನೆಲ್ಲ."

ಅನ್ನಪೂರ್ಣಾ ತಾನಾಗಿಯೇ ತಾಯಿಯ ಹೆಗಲಿಗೆ ತಲೆ ಇಟ್ಟಳು.

ಅದೇ ದಿನ ಮಧ್ಯಾಹ್ನ ಅನಿತಾ ಅವಳನ್ನು ದವಾಖಾನೆಗೆ ಕರೆದುಕೊಂಡು ಹೋದಳು. ಗಾಯ ಮಾಸುವ ಮೊದಲೇ ಡಾಕ್ಟರು ನೋಡಿ ಬರೆದಿಟ್ಟರೆ ಮುಂದೆ ಆಧಾರವಾಗುತ್ತದೆ. ಅಲ್ಲಿಂದಲೇ 181ಕ್ಕೆ ಫೋನು ಹಚ್ಚಿ ಅನ್ನಪೂರ್ಣಾಳ ಕೈಗೆ ಕೊಟ್ಟಳು. ಆ ಕಡೆ ಮಾತಾಡಿದ್ದು ಒಬ್ಬ ಹೆಣ್ಣುಮಗಳು. ಅವಳು ಗದರಿಸಲಿಲ್ಲ, ನಗಲಿಲ್ಲ, "ಯಾಕೆ ಸುಮ್ಮನಿದ್ದಿ" ಎಂದೂ ಕೇಳಲಿಲ್ಲ. ಕೌಟುಂಬಿಕ ಹಿಂಸೆಯಿಂದ ಹೆಣ್ಣುಮಕ್ಕಳನ್ನು ಕಾಯುವ ಕಾಯ್ದೆ ಇದೆ, ಹೊಡೆಯುವುದಷ್ಟೇ ಹಿಂಸೆಯಲ್ಲ, ಒಲ್ಲದ ಹೆಂಡತಿಯನ್ನು ಬಲವಂತ ಮಾಡುವುದೂ, ಅಶ್ಲೀಲ ಚಿತ್ರ ನೋಡು ಎಂದು ಒತ್ತಾಯಿಸುವುದೂ ಹಿಂಸೆಯೇ ಎಂದು ಬಿಡಿಸಿ ಹೇಳಿದಳು. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾ ಕಚೇರಿಯಲ್ಲಿ ಸಂರಕ್ಷಣಾಧಿಕಾರಿಯನ್ನು ಕಾಣಬಹುದು, ವಕೀಲರ ನೆರವೂ ಉಚಿತವಾಗಿ ಸಿಗುತ್ತದೆ ಎಂದಳು.

"ಈ ಮಾತಿಗೆ ಕಾಯ್ದೆದಾಗ ಹೆಸರ ಐತೇನಕ್ಕಾ?" ಎಂದು ಅನ್ನಪೂರ್ಣಾ ಮರಳುವ ಬಸ್ಸಿನಲ್ಲಿ ಕೇಳಿದಳು. "ಹಂಗಾದ್ರ ನಂಗೊಬ್ಬಾಕಿಗೇ ಆದದ್ದಲ್ಲ ಇದು."

"ಅಲ್ಲ ತಂಗಿ. ಭಾಳ ಮಂದಿಗೆ ಆಗೈತಿ. ಎಲ್ಲಾರೂ ನಿನ್ನಂಗ ಉದ್ದ ತೋಳಿನ ಜಂಪರ ಹಾಕ್ಕೊಂಡ ಕುಂತಾರ."

ಇನ್ನು ಹನಮಪ್ಪನಿಗೆ ಹೇಳಬೇಕಿತ್ತು. ಸಂಜೆ ಕಟ್ಟೆಯ ಮೇಲೆ ಕುಳಿತವನ ಮುಂದೆ ಉಡಚವ್ವ ಚಹಾ ಇಟ್ಟಳು. ಇಷ್ಟು ವರ್ಷ ಸಂಸಾರ ಮಾಡಿದವಳಿಗೂ ಆ ಮಾತಿಗೆ ಪದ ಸಿಗಲಿಲ್ಲ. "ಆ ಫೋನಿನ್ಯಾಗ..." ಎಂದಳು. ತನ್ನ ಎರಡೂ ಕೈ ಸೇರಿಸಿ, ಕಟ್ಟಿದಂತೆ ಹಿಡಿದು ತೋರಿಸಿದಳು. ಒಳಗೆ ಮಲಗಿದ್ದ ಮಗಳ ಕಡೆ ಕಣ್ಣು ಮಾಡಿದಳು.

ಹನಮಪ್ಪನಿಗೆ ತಿಳಿಯಿತು. ಚಹಾ ಕೆನೆಗಟ್ಟಿತು.

"ಮಂದಿಗೆ ಏನಂತ ಹೇಳೂದು?" ಎಂದ ಕೊನೆಗೆ.

"ಇಷ್ಟ ದಿನ ಜ್ವರ ಅಂತ ಹೇಳೀನಿ. ಇನ್ನ ಆ ಸುಳ್ಳೂ ಹೇಳೂದಿಲ್ಲ ನಾನು."

ಸೋಮವಾರ ಪರಶು ಬಂದ. ಇಸ್ತ್ರಿ ಮಾಡಿದ ಅಂಗಿ, ಹಣೆಯಲ್ಲಿ ವಿಭೂತಿ. ಗಾಡಿಯ ಹಿಂದೆ ಅವನ ತಾಯಿ ಕಲ್ಲವ್ವ. ಅವಳ ಕೈಯಲ್ಲಿ ಸೊಸೆಗೆಂದು ತಂದ ಹೂವಿನ ಮಾಲೆ. ಕಾಲಿಗೆ ನೀರು ಕೊಟ್ಟದ್ದಾಯಿತು. ಚಾಪೆ ಹಾಸಿದ್ದಾಯಿತು. ಅನಿತಾ ಬಾಗಿಲ ಹತ್ತಿರ ಕುಳಿತಿದ್ದಳು. ಅನ್ನಪೂರ್ಣಾ ತಾಯಿಯ ಪಕ್ಕ ಇದ್ದಳು.

"ಯಾಕ ಬೀಗತಿ, ಸೊಸಿ ಕೈ ಖಾಲಿ ಅದಾವಲ್ಲ? ಬಳಿ ಇಡಸಲಿಲ್ಲೇನು?" ಎಂದು ಕಲ್ಲವ್ವ ನಗುತ್ತ ಕೇಳಿದಳು.

"ಬಳಿ ಇಡೂಹಂಗ ಇಲ್ಲ ಆಕಿ ಕೈ," ಎಂದಳು ಉಡಚವ್ವ. ಮಗಳು ತೋಳು ಸರಿಸಿ ತೋರಿಸಿದಳು.

ಕಲ್ಲವ್ವನ ನಗು ನಿಂತಿತು. ಪರಶು ಎದ್ದು ನಿಂತ.

"ಇದೆಲ್ಲಾ ಏನ್ರಿ ಮಾವಾ? ಕರ್ಯಾಕ ಬಂದ್ರ ಪಂಚಾಯ್ತಿ ಮಾಡಾಕತ್ತೀರೇನು? ನಂಗ ಯಾವ ಚಟ ಐತಿ ಹೇಳ್ರಿ. ಕುಡೀತೀನ್ಯೋ, ಜೂಜ ಆಡತೀನ್ಯೋ? ನಮ್ಮ ಓಣ್ಯಾಗ ಯಾರನ್ನರ ಕೇಳ್ರಿ."

ಹನಮಪ್ಪ ಅಳಿಯನನ್ನು ಮದುವೆಯಾದ ದಿನದಿಂದ "ನೀವು" ಎಂದೇ ಕರೆದವನು. ಅಂದು ಅವನ ಬಾಯಿಗೆ ಅದು ಬರಲಿಲ್ಲ.

"ಪರಶು, ಕೂಡು. ಒಂದ ಕೆಲಸ ಮಾಡು, ನಾನೂ ಸುಮ್ನ ಆಗತೀನಿ. ನಾ ಕೊಟ್ಟ ಫೋನ ಕಿಸೇದಾಗ ಐತಲ್ಲ? ಅದರಾಗ ನೀ ನೋಡೂದ್ನ ತೆರದು ನಿಮ್ಮವ್ವನ ಕೈಯಾಗ ಕೊಡು."

ಪರಶುವಿನ ಕೈ ತಾನಾಗಿ ಕಿಸೆಯ ಮೇಲೆ ಹೋಯಿತು. ಅಲ್ಲೇ ನಿಂತಿತು.

"ಕೊಡು. ಚಟ ಇಲ್ಲಲ್ಲ ನಿಂಗ? ಅವ್ವಗ ತೋರಿಸಾಕ ಬರಲಾರದ್ದನ್ನ ನನ್ನ ಮಗಳ ಮಾರಿ ಮುಂದ ಹ್ಯಾಂಗ ಹಿಡದಿ?"

ಹೊರಗೆ ಯಾವುದೋ ಟ್ರ್ಯಾಕ್ಟರು ಹಾಡು ಹಚ್ಚಿಕೊಂಡು ಹೋಯಿತು. ಪರಶು ಕುಳಿತ. ಕುತ್ತಿಗೆ ಬಾಗಿತು.

"ಗೋವಾದ ಶೆಡ್ಡಿನ್ಯಾಗ ಎಲ್ಲಾರೂ ನೋಡತಿದ್ರು," ಎಂದ, ನೆಲಕ್ಕೆ. "ಕೆಲಸ ಮುಗದ ಮ್ಯಾಲ ಅದ ಇತ್ತು. ನೋಡ್ಲಿಲ್ಲಂದ್ರ ನೀ ಗಂಡಸ ಹೌದೇನಲೇ ಅಂತಿದ್ರು. ಗಂಡಸಂದ್ರ ಹಂಗ ಇರಬೇಕು ಅಂದ್ಕೊಂಡೆ."

"ನಾ ಅಳತಿದ್ನೆಲ್ಲ," ಎಂದಳು ಅನ್ನಪೂರ್ಣಾ. ಅಷ್ಟು ಹೊತ್ತಿನಲ್ಲಿ ಅವಳು ಆಡಿದ ಮೊದಲ ಮಾತು ಅದು. "ಅದನ್ನ ಯಾರ ಕಲಸಬೇಕಿತ್ತು ನಿಮಗ? ಎದುರಿಗೆ ಒಬ್ಬಾಕಿ ಅಳಾಕತ್ತಾಳ ಅನ್ನೂದು ಕಾಣಲಿಲ್ಲೇನು?"

ಅತ್ತದ್ದು ಕಲ್ಲವ್ವ. ಹೂವಿನ ಮಾಲೆ ಅವಳ ತೊಡೆಯ ಮೇಲೆ ಹಾಗೇ ಬಿದ್ದಿತ್ತು.

"ನಾ ಬಾಜೂ ಖೋಲ್ಯಾಗ ಮಲಗತೀನಿ," ಎಂದಳು. "ಈಕಿ ಅತ್ತಿದ್ದು ನಂಗ ಕೇಳೇತಿ. ಗಂಡ ಹೆಂಡರ ಜಗಳ, ನಾ ಯಾಕ ನಡುವ ಹೋಗಲಿ ಅಂತ ಕೌದಿ ತಲಿಮ್ಯಾಲ ಎಳಕೊಂಡೆ. ನಾನೂ ಹೆಣ್ಣ ಹೌದೇನು ಬೀಗತಿ?"

ಉಡಚವ್ವ ಅವಳನ್ನು ಬೈಯಬೇಕು ಎಂದುಕೊಂಡಿದ್ದಳು. ಬೈಯಲಾಗಲಿಲ್ಲ. ಅವಳು ಕೌದಿ ಎಳೆದುಕೊಂಡಿದ್ದಳು, ತಾನು ಬಳೆ ತರಿಸಿದ್ದಳು.

"ಎಲ್ಲಾ ಅಳಿಸಿಬಿಡತೀನ್ರಿ ಮಾವಾ," ಎಂದ ಪರಶು. "ಈಗ ನಿಮ್ಮ ಮುಂದ ಅಳಸತೀನಿ. ಈಕಿನ್ನ ಕಳಿಸ್ರಿ."

ಎಲ್ಲರೂ ಅನ್ನಪೂರ್ಣಾಳನ್ನು ನೋಡಿದರು. ಮೊದಲಾಗಿದ್ದರೆ ಹನಮಪ್ಪನೇ ಉತ್ತರ ಕೊಡುತ್ತಿದ್ದ. ಅಂದು ಅವನೂ ಕಾಯ್ದ.

"ಫೋನಿನ್ಯಾಗಿಂದ ಅಳಸಾಕ ಒಂದ ಗಳಿಗಿ ಸಾಕು," ಎಂದಳು ಅವಳು. "ನಾ ಒಲ್ಲೆ ಅಂದದ್ದು ನಿಮಗ ಕೇಳಬೇಕು. ಅದಕ್ಕ ಎಷ್ಟ ದಿನ ಬೇಕೋ ನಂಗೊತ್ತಿಲ್ಲ. ನಾ ಈಗ ಬರೂದಿಲ್ಲ. ರೋಣದ ಆಫೀಸಿಗೆ ಹೋಗಿ ಅರ್ಜಿ ಕೊಡತೀನಿ. ಅವರು ಕರದಾಗ ನೀವು ಬರ್ರಿ. ಆಮ್ಯಾಲ ಬರೂದೋ ಬಿಡೂದೋ ನಾ ಹೇಳತೀನಿ. ಯಾರೂ ನನ್ನ ಹೊತ್ಕೊಂಡ ಹೋಗಿ ಗಾಡಿ ಮ್ಯಾಲ ಕುಂದ್ರಸಬ್ಯಾಡ್ರಿ."

ಪರಶು ತಾಯಿಯ ಮುಖ ನೋಡಿದ. ಕಲ್ಲವ್ವ ಹೂವಿನ ಮಾಲೆಯನ್ನು ಸೊಸೆಯ ಮುಂದೆ ಇಟ್ಟು ಎದ್ದಳು. "ನಡಿ," ಎಂದಳು ಮಗನಿಗೆ. "ಆಕಿ ಹೇಳಿದ್ದ ಖರೇ ಐತಿ. ಆಫೀಸಿಗೆ ನಾನೂ ಬರತೀನಿ. ಕೇಳಿದ್ದನ್ನ ಕೇಳೀನಿ ಅಂತ ಹೇಳತೀನಿ."

ಅನ್ನಪೂರ್ಣಾ ಅರ್ಜಿ ಕೊಟ್ಟಳು. ಪರಶುವನ್ನು ಕರೆಸಿದರು. ಅವಳ ಮೈ ಮುಟ್ಟುವಂತಿಲ್ಲ, ಹೆದರಿಸುವಂತಿಲ್ಲ ಎಂದು ತಿಳಿಸಿ ಹೇಳಿದರು. ಆಪ್ತ ಸಮಾಲೋಚನೆಗೆ ಬರಲು ಹೇಳಿದರು, ಬರುತ್ತಿದ್ದಾನೆ. ಅವನು ಬದಲಾಗುತ್ತಾನೋ ಇಲ್ಲವೋ ಈಗಲೇ ಹೇಳಲಾಗದು. ಬದಲಾಗಬೇಕಾದ ಹೊರೆ ಅವನ ಮೇಲಿದೆ. ಸಹಿಸಿಕೊಳ್ಳುವ ಹೊರೆ ಅನ್ನಪೂರ್ಣಾಳ ಮೇಲಿಲ್ಲ. ಅವಳು ತಾಯಿಯ ಜೊತೆ ಕೂಲಿಗೆ ಹೋಗುತ್ತಾಳೆ. ಗಿಡ್ಡ ತೋಳಿನ ರವಿಕೆ ಹಾಕುತ್ತಾಳೆ.

ನಳದ ಹತ್ತಿರ ಮರಿಯವ್ವ ಮತ್ತೆ ಕೇಳಿದಳು. "ಏನ ಉಡಚವ್ವಾ, ಮಗಳ ಜ್ವರ ಇಳೀತೇನು?"

"ಜ್ವರ ಇರಲಿಲ್ಲ ಬೇ. ಅಳಿಯ ಹೊಲಸ ವಿಡಿಯೋ ನೋಡಿ ಆಕಿನ್ನ ಹಿಂಸಾ ಮಾಡತಿದ್ದ. ಅದಕ್ಕ ಇಟಗೊಂಡೀವಿ."

ಈ ಸಲ ಯಾರೂ ನಗಲಿಲ್ಲ. ಕೊಡ ತುಂಬಿ ನೀರು ಹೊರಗೆ ಹರಿಯುತ್ತಿದ್ದರೂ ಮರಿಯವ್ವ ನಳ ನಿಲ್ಲಿಸಲಿಲ್ಲ. ಅಂದು ಸಂಜೆ ಹೊತ್ತು ಮುಳುಗುವ ಮೊದಲು ಅವಳು ಸೆರಗು ಹೊದ್ದು ಉಡಚವ್ವನ ಮನೆಗೆ ಬಂದಳು. "ಅನಿತಾ ಮನ್ಯಾಗ ಅದಾಳೇನು?" ಎಂದು ಮೆಲ್ಲಗೆ ಕೇಳಿದಳು. "ನಮ್ಮ ತಂಗಿ ಮಗಳ ಸಲುವಾಗಿ ಒಂದೀಟ ಮಾತಾಡೂದಿತ್ತು."

ಗಣೇಶ ಚೌತಿಯ ಮುಂದೆ ಮುನೀರಾ ಮತ್ತೆ ಬಂದಳು. ಅನ್ನಪೂರ್ಣಾಳ ಮಣಿಕಟ್ಟಿನ ಗೆರೆ ಮಾಸಿತ್ತು. ಚಾಪೆಯ ಮೇಲೆ ಚೀಲ ಬಿಚ್ಚಿದ ಮುನೀರಾ ಈ ಸಲ ಅವಳ ಕೈ ಹಿಡಿಯಲಿಲ್ಲ. ತನ್ನ ಅಂಗೈ ಮೇಲೆ ಮಾಡಿ ಮುಂದೆ ಚಾಚಿ ಸುಮ್ಮನೆ ಕುಳಿತಳು.

"ಕೊಡತಿಯೇನವ್ವಾ ಕೈ? ಬ್ಯಾಡಂದ್ರ ಬ್ಯಾಡ. ನಂಗೇನ ಅವಸರ ಇಲ್ಲ, ಬಸ್ಸು ಸಂಜಿಗೈತಿ."

ಅನ್ನಪೂರ್ಣಾ ಆ ಅಂಗೈಯನ್ನು ನೋಡಿದಳು. ಸ್ವಲ್ಪ ಹೊತ್ತಾಯಿತು. ಆಮೇಲೆ ತಾನಾಗಿಯೇ ತನ್ನ ಕೈ ಅದರ ಮೇಲೆ ಇಟ್ಟಳು.

"ಭಾಳ ಬ್ಯಾಡ್ರಿ. ಹೆಸರ ಬಿಡಸಾಕ ಅಡ್ಡ ಆಕ್ಕಾವು. ಎರಡೆರಡ ಸಾಕು."

ಓದುವ ಅಣ್ಣ ತಮ್ಮಂದಿರೇ, ಆ ಬಳೆಗಾರ್ತಿ ಮಾಡಿದ್ದು ದೊಡ್ಡ ಕೆಲಸವೇನಲ್ಲ. ಕೇಳಿದಳು, ಉತ್ತರಕ್ಕೆ ಕಾಯ್ದಳು. ಕಟ್ಟಿಕೊಂಡ ಹೆಂಡತಿಗೆ ಅಷ್ಟಾದರೂ ಮಾಡಿ. ಗೋವಾ, ಮಂಗಳೂರು ಎಂದು ಕೆಲಸಕ್ಕೆ ಹೋದಲ್ಲಿ ಗೆಳೆಯರು ಫೋನು ಮುಂದೆ ಹಿಡಿದಾಗ ಒಂದು ಕ್ಷಣ ಯೋಚಿಸಿ: ಇದನ್ನು ನನ್ನ ತಾಯಿಯ ಕೈಗೆ ಕೊಡಬಲ್ಲೆನೇ? ಬಿಡಲಾಗದಷ್ಟು ಚಟವಾಗಿದ್ದರೆ ದವಾಖಾನೆಯಲ್ಲಿ ಡಾಕ್ಟರಿಗೆ ಹೇಳಿ. ಕುಡಿತದಂತೆ ಇದಕ್ಕೂ ನೆರವು ಸಿಗುತ್ತದೆ. ಕೇಳಲು ನಾಚಿಕೆ ಬೇಡ. ನಾಚಿಕೆ ಪಡಬೇಕಾದದ್ದು ಹೆಂಡತಿ ಅಳುವಾಗ ಕೈ ಎತ್ತಿದ್ದಕ್ಕೆ.

ಅಕ್ಕ ತಂಗಿಯರೇ, ನಿಮಗೆ ಹೀಗಾಗುತ್ತಿದ್ದರೆ ತಪ್ಪು ನಿಮ್ಮದಲ್ಲ. ಹಗಲಿರಲಿ ರಾತ್ರಿಯಿರಲಿ, 181ಕ್ಕೆ ಫೋನು ಮಾಡಿ. ಜೀವಕ್ಕೆ ಅಪಾಯ ಎನಿಸಿದರೆ 112. ಫೋನು ಕೈಗೆ ಸಿಗದಿದ್ದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಗೆ, ಅಂಗನವಾಡಿ ಟೀಚರಿಗೆ, ಇಲ್ಲವೇ ಪಕ್ಕದ ಸಾಲಿನಲ್ಲಿ ಹೆಸರು ಬಿಡಿಸುವವಳಿಗೆ ಹೇಳಿ. ನೆಲ ನೋಡಿಕೊಂಡೇ ಹೇಳಿ, ಪರವಾಗಿಲ್ಲ. ಹೇಳಿ ಮಾತ್ರ.

ತಾಯಂದಿರೇ, ಮುಂದಿನ ಪಂಚಮಿಗೆ ಮಗಳು ಬರುತ್ತಾಳೆ. ಉಂಡಿ ಕೊಡುವ ಮೊದಲು, ಜೋಕಾಲಿಗೆ ಕಳಿಸುವ ಮೊದಲು, ಅವಳ ಕೈ ನೋಡಿ. ಬಳೆ ಎಷ್ಟಿವೆ ಎಂದು ಎಣಿಸಬೇಡಿ. ಬಳೆಯ ಕೆಳಗೆ ನೋಡಿ.